ಡ್ರೆಸ್ಡೆನ್ನಿನ ಹಬ್ಬದ ಬ್ರೆಡ್: ಷ್ಟೋಲನ್

ಷ್ಟೋಲನ್ ಎಂಬುದು ಜರ್ಮನಿಯವರು ಕ್ರಿಸ್ಮಸ್ ಹಬ್ಬಕ್ಕೆ ಮಾಡುವ ಸಿಹಿ ಬ್ರೆಡ್. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾಹಿಟ್ಟಿಗೆ ಬೆಣ್ಣೆ, ಒಣದ್ರಾಕ್ಷಿ, ಬಾದಾಮಿ, ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಮತ್ತು ಮಾದಳದ ಸಿಪ್ಪೆ ಸೇರಿಸುತ್ತಾರೆ. ಹಿಟ್ಟನ್ನು ಉದ್ದಕ್ಕೆ ಮಡಚಿ ಬೇಯಿಸಿ, ಬಿಸಿ ಆರುವ ಮೊದಲೇ ಮೇಲೆಲ್ಲ ಬೆಣ್ಣೆ ಸವರಿ, ಸಕ್ಕರೆ ಪುಡಿಯನ್ನು ದಟ್ಟವಾಗಿ ಉದುರಿಸುತ್ತಾರೆ. ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಶಿಶು ಯೇಸುವಿನ ಆಕಾರ ಇದು ಎಂದು ಅಲ್ಲಿಯ ಜನ ಹೇಳುತ್ತಾರೆ. ಜರ್ಮನಿಯ ಉದ್ದಗಲಕ್ಕೂ ಇದನ್ನು ಮಾಡುವವರಿದ್ದಾರೆ. ಆದರೂ ಹೆಸರು ಪಡೆದದ್ದು ಸ್ಯಾಕ್ಸನಿ ಪ್ರಾಂತದ ರಾಜಧಾನಿಯಾದ, ಎಲ್ಬೆ ನದಿಯ ದಡದ ಡ್ರೆಸ್ಡೆನ್ ನಗರದ ಷ್ಟೋಲನ್.

ನೋಡುವುದಕ್ಕೆ ಕೇಕಿನ ನೆನಪು ತಂದರೂ ಇದು ಕೇಕಲ್ಲ. ಕೇಕು ಉಬ್ಬುವುದು ಬೇಕಿಂಗ್ ಪೌಡರಿನಿಂದ, ಇಲ್ಲವೇ ಮೊಟ್ಟೆಯನ್ನು ಕಡೆದಾಗ ಒಳಗೆ ಸೇರಿಕೊಂಡ ಗಾಳಿಯಿಂದ. ಷ್ಟೋಲನ್ ಉಬ್ಬುವುದು ಜೀವವಿರುವ ಯೀಸ್ಟಿನಿಂದ. ಜೀವವಿರುವುದರಿಂದಲೇ ಅದಕ್ಕೆ ಬೇಕು ಬೇಡಗಳಿವೆ. ಹಬ್ಬದ ಬ್ರೆಡ್ಡಿಗೆ ರುಚಿ ಕೊಡುವ ಬೆಣ್ಣೆ, ಸಕ್ಕರೆ, ಹಣ್ಣು ಈ ಮೂರೂ ಯೀಸ್ಟಿಗೆ ತೊಡಕು. ಯಾವುದನ್ನು ಯಾವಾಗ ಸೇರಿಸಬೇಕು ಎಂಬ ಕ್ರಮ ಕೈಗೆ ಹತ್ತಿದರೆ ಷ್ಟೋಲನ್ ಬಂದಂತೆಯೇ. ಕ್ರಮ ತಪ್ಪಿದರೆ ಸಾಮಾನು ಎಷ್ಟು ದುಬಾರಿಯದಾದರೂ ಒಲೆಯಿಂದ ಹೊರಬರುವುದು ಒಂದು ಗಟ್ಟಿ ದಿಂಡು ಮಾತ್ರ.

ಷ್ಟೋಲನ್ನಿನ ಹಳೆಯ ಉಲ್ಲೇಖಗಳಲ್ಲಿ ಒಂದು 1329ನೆಯ ಇಸವಿಯದು. ನಾಉಂಬುರ್ಗ್ ಎಂಬ ಊರಿನ ಬಿಷಪ್ ಅಲ್ಲಿಯ ಬೇಕರಿಯವರ ಸಂಘಕ್ಕೆ ಕೆಲವು ಹಕ್ಕುಗಳನ್ನು ಕೊಟ್ಟು, ಪ್ರತಿಯಾಗಿ ಪ್ರತಿ ಕ್ರಿಸ್ಮಸ್ಸಿಗೆ ಗೋಧಿಯ ಎರಡು ಉದ್ದನೆಯ ಬ್ರೆಡ್ ತನಗೆ ಸಲ್ಲಬೇಕೆಂದು ಕಟ್ಟು ಮಾಡಿದ. ಡ್ರೆಸ್ಡೆನ್ನಿನಲ್ಲಿ ಇದರ ಹೆಸರು ಮೊದಲು ಸಿಗುವುದು 1474ರಲ್ಲಿ, ಸಂತ ಬಾರ್ತಲೋಮಿಯೋ ಹೆಸರಿನ ಆಸ್ಪತ್ರೆಯೊಂದರ ಲೆಕ್ಕಪತ್ರದಲ್ಲಿ. ಆಗಿನ ಷ್ಟೋಲನ್ ಇಂದಿನದರ ಹತ್ತಿರಕ್ಕೂ ಬರುವಂಥದ್ದಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಆಗ ಉಪವಾಸದ ಕಾಲ. ಹಾಲು, ಬೆಣ್ಣೆ ಎರಡಕ್ಕೂ ಚರ್ಚಿನ ನಿಷೇಧವಿತ್ತು. ಹಿಟ್ಟು, ನೀರು, ಯೀಸ್ಟ್, ಸ್ವಲ್ಪ ಎಣ್ಣೆ, ಇಷ್ಟರಲ್ಲೇ ಬ್ರೆಡ್ ಮುಗಿಯುತ್ತಿತ್ತು. ದಕ್ಷಿಣ ಯೂರೋಪಿನವರಿಗೆ ಆಲಿವ್ ಎಣ್ಣೆಯಿತ್ತು. ಉಪವಾಸದ ದಿನಗಳಲ್ಲೂ ಅವರ ಅಡುಗೆಯ ರುಚಿ ಕೆಡುತ್ತಿರಲಿಲ್ಲ. ಚಳಿಯ ಸ್ಯಾಕ್ಸನಿಯಲ್ಲಿ ಆಲಿವ್ ಬೆಳೆಯುವುದಿಲ್ಲ. ಅಲ್ಲಿ ಸಿಗುತ್ತಿದ್ದದ್ದು ಸಾಸಿವೆಯ ಜಾತಿಗೆ ಸೇರಿದ ರೇಪ್ ಬೀಜದ ಎಣ್ಣೆ. ಆ ಕಾಲದ ಗಾಣದಲ್ಲಿ ತೆಗೆದ ಆ ಎಣ್ಣೆಯ ಕಹಿಯನ್ನು ಸಿಹಿ ಬ್ರೆಡ್ಡಿನಲ್ಲಿ ಮುಚ್ಚಿಡುವುದು ಸುಲಭವಾಗಿರಲಿಲ್ಲ.

ಸ್ಯಾಕ್ಸನಿಯ ಅರಸರು ಈ ನಿಷೇಧವನ್ನು ಸಡಿಲಿಸಬೇಕೆಂದು ರೋಮಿಗೆ ಬೇಡಿಕೆ ಕಳಿಸಿದರು. ಅದು ಈಡೇರುವುದಕ್ಕೆ ದಶಕಗಳೇ ಹಿಡಿದವು. ಕೊನೆಗೆ 1491ರಲ್ಲಿ ಎಂಟನೆಯ ಇನ್ನೊಸೆಂಟ್ ಪೋಪ್ ಅಪ್ಪಣೆ ಕೊಟ್ಟ. ಚರಿತ್ರೆಯಲ್ಲಿ ಇದಕ್ಕೆ ಬೆಣ್ಣೆಯ ಪತ್ರ ಎಂದೇ ಹೆಸರು. ಅಪ್ಪಣೆ ಪುಕ್ಕಟೆಯದಲ್ಲ. ಉಪವಾಸದ ಕಾಲದಲ್ಲಿ ಬೆಣ್ಣೆ ಬಳಸುವವರು ಕಾಣಿಕೆ ಕಟ್ಟಬೇಕಿತ್ತು, ಹೀಗೆ ಬಂದ ಹಣ ಫ್ರೈಬರ್ಗ್ ಊರಿನ ದೊಡ್ಡ ಚರ್ಚಿನ ಕಟ್ಟಡಕ್ಕೆ ಹೋಯಿತು. ಬೆಣ್ಣೆಯ ಅಪ್ಪಣೆಯನ್ನು ಹಣಕ್ಕೆ ಮಾರುವ ಈ ಪದ್ಧತಿ ಮುಂದೆ ಮಾರ್ಟಿನ್ ಲೂಥರನ ಕೋಪಕ್ಕೂ ಗುರಿಯಾಯಿತು. 1520ರಲ್ಲಿ ಜರ್ಮನಿಯ ಶ್ರೀಮಂತ ಮನೆತನಗಳನ್ನು ಉದ್ದೇಶಿಸಿ ಬರೆದ ಹೊತ್ತಗೆಯಲ್ಲಿ ಅವನು ಇದನ್ನು ಎತ್ತಿ ಆಡಿದ್ದಾನೆ. 1539ರಲ್ಲಿ ಡ್ರೆಸ್ಡೆನ್ ಲೂಥರನ ಪಂಥಕ್ಕೆ ಸೇರಿದ ಮೇಲೆ ಅಪ್ಪಣೆಯ ಅಗತ್ಯವೇ ಉಳಿಯಲಿಲ್ಲ. ಬೆಣ್ಣೆ ಉಳಿಯಿತು. ಟೊರ್ಗಾವ್ ಊರಿನ ಅರಮನೆಯ ಬೇಕರಿಯವನಾದ ಹೈನ್ರಿಷ್ ಡ್ರಾಸ್ಡೊ ಎಂಬಾತ ಉಪವಾಸದ ಬ್ರೆಡ್ಡಿಗೆ ಹಣ್ಣು, ಬಾದಾಮಿ ಸೇರಿಸಿ ಹಬ್ಬದ ತಿನಿಸಾಗಿಸಿದ ಎಂಬ ಪ್ರತೀತಿಯಿದೆ. ಒಬ್ಬನೇ ಒಂದು ದಿನ ಕುಳಿತು ಮಾಡಿದ ಕೆಲಸ ಇದು ಎಂದು ನಂಬುವುದು ಕಷ್ಟ.

1560ರ ಸುಮಾರಿನಿಂದ ಡ್ರೆಸ್ಡೆನ್ನಿನ ಬೇಕರಿಯವರು ಪ್ರತಿ ಕ್ರಿಸ್ಮಸ್ಸಿಗೆ ಒಟ್ಟು ಮೂವತ್ತಾರು ಪೌಂಡ್ ತೂಕದ ಷ್ಟೋಲನ್ನುಗಳನ್ನು ಮೆರವಣಿಗೆಯಲ್ಲಿ ಹೊತ್ತು ತಂದು ಅರಮನೆಗೆ ಒಪ್ಪಿಸುತ್ತಿದ್ದರು. ದೊಡ್ಡಸ್ತಿಕೆ ಮಿತಿ ಮೀರಿದ್ದು 1730ರಲ್ಲಿ. ಬಲಶಾಲಿ ಎಂದು ಬಿರುದು ಪಡೆದ ಆಗಸ್ಟಸ್ ಅರಸ ತನ್ನ ಸೈನ್ಯವನ್ನು ಪರದೇಶಗಳ ಅತಿಥಿಗಳಿಗೆ ತೋರಿಸಲು ತ್ಸೈಟ್‌ಹೈನ್ ಬಯಲಿನಲ್ಲಿ ಭಾರಿ ಶಿಬಿರ ಹೂಡಿದ. ಅಲ್ಲಿ ಬೇಯಿಸಿದ ಷ್ಟೋಲನ್ನಿನ ತೂಕ ಸುಮಾರು 1.8 ಟನ್. ಅದಕ್ಕಾಗಿಯೇ ಒಂದು ಒಲೆ ಕಟ್ಟಿಸಬೇಕಾಯಿತು, ಕತ್ತರಿಸುವುದಕ್ಕೆ ಒಂದೂವರೆ ಮೀಟರಿಗೂ ಉದ್ದದ ಚೂರಿ ಮಾಡಿಸಬೇಕಾಯಿತು. ಒಲೆ ಕಟ್ಟಿದವನು ಡ್ರೆಸ್ಡೆನ್ನಿನ ಅರಮನೆಗಳ ಶಿಲ್ಪಿ ಪ್ಯೋಪೆಲ್‌ಮಾನ್. ಈ ನೆನಪನ್ನೇ ನೆಪ ಮಾಡಿಕೊಂಡು 1994ರಿಂದ ಡ್ರೆಸ್ಡೆನ್ನಿನಲ್ಲಿ ಪ್ರತಿ ಡಿಸೆಂಬರಿನಲ್ಲೂ ಷ್ಟೋಲನ್ ಉತ್ಸವ ನಡೆಯುತ್ತಿದೆ. ದೈತ್ಯ ಬ್ರೆಡ್ಡನ್ನು ಗಾಡಿಯಲ್ಲಿಟ್ಟು ಬೀದಿಯಲ್ಲಿ ಮೆರೆಸಿ, ತುಂಡು ಮಾಡಿ ಮಾರುತ್ತಾರೆ. ಊರಿನ ಕ್ರಿಸ್ಮಸ್ ಸಂತೆ ಇದಕ್ಕಿಂತ ಎಷ್ಟೋ ಹಳೆಯದು. 1434ರಲ್ಲಿ ಹಬ್ಬದ ಮುನ್ನಾದಿನದ ಮಾಂಸದ ಸಂತೆಯಾಗಿ ಶುರುವಾದ ಅದು ಈಗ ತಿಂಗಳಿಡೀ ನಡೆಯುತ್ತದೆ. ಷ್ಟೋಲನ್ನಿಗೆ ಅಲ್ಲಿ ಹಿಂದೆ ಇದ್ದ ಷ್ಟ್ರೀಟ್ಸೆಲ್ ಎಂಬ ಹೆಸರನ್ನೇ ಸಂತೆಯೂ ಹೊತ್ತುಕೊಂಡಿದೆ.

ಅರಮನೆಯ ಕಥೆಗಿಂತ ಮನೆಗಳ ಕಥೆ ಹೆಚ್ಚು ಸ್ವಾರಸ್ಯದ್ದು. ಇಷ್ಟು ಹಿಟ್ಟು ಬೇಯಿಸುವ ದೊಡ್ಡ ಒಲೆ ಸ್ಯಾಕ್ಸನಿಯ ಸಾಮಾನ್ಯ ಮನೆಗಳಲ್ಲಿ ಇರಲಿಲ್ಲ. ಮನೆಯೊಡತಿ ದ್ರಾಕ್ಷಿ, ಬಾದಾಮಿ, ಬೆಣ್ಣೆಗಳನ್ನು ತನ್ನ ಲೆಕ್ಕದಂತೆ ಅಳೆದು ಬೀದಿಯ ಬೇಕರಿಗೆ ಒಯ್ಯುತ್ತಿದ್ದಳು. ಬೇಕರಿಯವನು ನಾದಿ, ಬೇಯಿಸಿ ಕೊಡುತ್ತಿದ್ದ. ಒಬ್ಬರದು ಇನ್ನೊಬ್ಬರಿಗೆ ಹೋಗದಂತೆ ಹೆಸರು ಕೊರೆದ ಪುಟ್ಟ ತಗಡಿನ ಚೀಟಿಯನ್ನು ಹಿಟ್ಟಿಗೆ ಚುಚ್ಚುವ ವಾಡಿಕೆಯಿತ್ತು. ಸ್ಯಾಕ್ಸನಿಯೂ ಸೇರಿದ್ದ ಪೂರ್ವ ಜರ್ಮನಿ ಪ್ರತ್ಯೇಕ ದೇಶವಾಗಿದ್ದ ಕಾಲದಲ್ಲಿ ದ್ರಾಕ್ಷಿ, ಬಾದಾಮಿಗೆ ಬರ ಬಂತು. ಪಶ್ಚಿಮದಲ್ಲಿದ್ದ ನೆಂಟರು ಕಳಿಸಿದ ಪಾರ್ಸೆಲ್ಲುಗಳಿಂದ ಸಾಮಾನು ಹೊಂದಿಸಿಕೊಂಡ ಮನೆಗಳು ಷ್ಟೋಲನ್ ಮಾಡಿ ಅದೇ ನೆಂಟರಿಗೆ ತಿರುಗಿ ಕಳಿಸುತ್ತಿದ್ದವು. ಕಿತ್ತಳೆ ಮತ್ತು ಮಾದಳದ ಸಿಪ್ಪೆ ಸಿಗದಾಗ ಕಾರ್ಖಾನೆಗಳು ಹಸಿರು ಟೊಮೇಟೊ ಮತ್ತು ಗಜ್ಜರಿಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಬದಲಿಯಾಗಿ ಒದಗಿಸಿದವು. ನಮ್ಮ ಬೇಕರಿಗಳ ಟೂಟಿ ಫ್ರೂಟಿ ಪರಂಗಿಕಾಯಿಯಿಂದ ಆಗುವುದೂ ಇದೇ ಉಪಾಯದಲ್ಲಿ.

ಈಗ ಡ್ರೆಸ್ಡೆನ್ನಿನ ಷ್ಟೋಲನ್ನಿಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಡ್ರೆಸ್ಡೆನ್ ಮತ್ತು ಸುತ್ತಲ ಗೊತ್ತುಪಡಿಸಿದ ಪ್ರದೇಶದ ಬೇಕರಿಗಳು ಮಾತ್ರ ಆ ಹೆಸರಿನಲ್ಲಿ ಮಾರಬಹುದು. ಸಾಮಾನಿನ ಅಳತೆಗೂ ಕಟ್ಟುಪಾಡು ಉಂಟು. ನೂರು ಭಾಗ ಹಿಟ್ಟಿಗೆ ಕಡಿಮೆಯೆಂದರೂ ಐವತ್ತು ಭಾಗ ಬೆಣ್ಣೆ, ಅರವತ್ತೈದು ಭಾಗ ಒಣದ್ರಾಕ್ಷಿ, ಇಪ್ಪತ್ತು ಭಾಗ ಕಿತ್ತಳೆ ಮತ್ತು ಮಾದಳದ ಸಿಪ್ಪೆ, ಹದಿನೈದು ಭಾಗ ಬಾದಾಮಿ ಇರಬೇಕು. ಮಾರ್ಗರಿನ್ ಹಾಕುವಂತಿಲ್ಲ. ಹಿಟ್ಟಿಗಿಂತ ಉಳಿದ ಸಾಮಾನಿನ ತೂಕವೇ ಹೆಚ್ಚು. ಇಷ್ಟು ಹೊರೆಯನ್ನು ಎತ್ತಬೇಕಾದದ್ದು ಯೀಸ್ಟ್.

ಯೀಸ್ಟ್ ಒಂದೇ ಜೀವಕೋಶದ ಶಿಲೀಂಧ್ರ. ಬ್ರೆಡ್ಡಿಗೆ ಬಳಸುವ ಜಾತಿಯ ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಆಲ್ಕೋಹಾಲನ್ನೂ ಹೊರಬಿಡುತ್ತದೆ. ಇಡ್ಲಿ ಹಿಟ್ಟು ಹುದುಗುವುದು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ, ಅಲ್ಲಿ ಹುಳಿಯೂ ಬರುತ್ತದೆ. ಯೀಸ್ಟ್ ಹಾಕಿದ ಹಿಟ್ಟು ಹುಳಿಯಾಗುವ ಮೊದಲೇ ಉಬ್ಬುತ್ತದೆ. ಯೀಸ್ಟಿನಿಂದ ಹಬ್ಬದಡುಗೆ ಮಾಡುವುದು ಕರ್ನಾಟಕಕ್ಕೆ ತೀರಾ ಹೊಸತೂ ಅಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಸನ್ನಾಂ ಮೊದಲಿನಿಂದ ಉಬ್ಬಿದ್ದು ತೆಂಗಿನ ಶೇಂದಿಯಿಂದ. ಶೇಂದಿಯಲ್ಲಿ ತಾನಾಗಿ ಬೆಳೆಯುವ ಯೀಸ್ಟುಗಳಲ್ಲಿ ಮುಖ್ಯವಾದದ್ದು ಇದೇ ಜಾತಿ. ಶೇಂದಿ ಸಿಗದ ಊರುಗಳಲ್ಲಿ ಈಗ ಅಂಗಡಿಯ ಯೀಸ್ಟ್ ಹಾಕುತ್ತಾರೆ. ಬೆಲ್ಲ ಹಾಕಿದ ಸಿಹಿ ಸನ್ನಾಂ ಕೂಡ ಉಂಟು. ಅದು ಹಬೆಯಲ್ಲಿ ಬೇಯುವ ಅಕ್ಕಿಯ ತಿನಿಸು, ಷ್ಟೋಲನ್ ಒಲೆಯಲ್ಲಿ ಬೇಯುವ ಗೋಧಿಯದು.

ಗೋಧಿಗೇ ಇರುವ ಒಂದು ಗುಣದಿಂದ ಬ್ರೆಡ್ ಸಾಧ್ಯವಾಗುತ್ತದೆ. ಅದರ ಹಿಟ್ಟಿಗೆ ನೀರು ಬಿದ್ದು ನಾದುತ್ತ ಹೋದಂತೆ ಅದರ ಪ್ರೋಟೀನುಗಳು ಸೇರಿಕೊಂಡು ಗ್ಲುಟೆನ್ ಎಂಬ ಎಳೆಯೆಳೆಯ ಬಲೆಯಾಗುತ್ತದೆ. ಯೀಸ್ಟ್ ಬಿಟ್ಟ ಅನಿಲ ಈ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟು ಏಳುತ್ತದೆ. ಬೆಣ್ಣೆ ಅಡ್ಡ ಬರುವುದು ಇಲ್ಲಿ. ಮೊದಲೇ ಬೆಣ್ಣೆ ಹಾಕಿದರೆ ಅದು ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ನೀರು ಒಳಗಿಳಿಯದಂತೆ ತಡೆಯುತ್ತದೆ, ಬಲೆ ಕಟ್ಟುವುದೇ ಇಲ್ಲ. ಸಕ್ಕರೆಯ ತೊಡಕು ಬೇರೆ ಬಗೆಯದು. ಚಿಟಿಕೆ ಸಕ್ಕರೆ ಯೀಸ್ಟಿಗೆ ಆಹಾರ. ಹಿಟ್ಟಿನ ತೂಕದ ನೂರಕ್ಕೆ ಹತ್ತು ಭಾಗವನ್ನು ದಾಟಿತೆಂದರೆ ಅದೇ ಸಕ್ಕರೆ ಯೀಸ್ಟಿನ ಕೋಶದೊಳಗಿನ ನೀರನ್ನೇ ಹೊರಗೆಳೆಯುತ್ತದೆ. ಯೀಸ್ಟ್ ಸೊರಗಿ ನಿಧಾನವಾಗುತ್ತದೆ. ಉಪ್ಪೂ ಹೀಗೆಯೇ. ಒಣಗಿದ ದ್ರಾಕ್ಷಿಯನ್ನು ಹಾಗೇ ಹಾಕಿದರೆ ಅದು ಹಿಟ್ಟಿನ ನೀರನ್ನು ಹೀರಿ ಬ್ರೆಡ್ಡನ್ನು ಒಣಗಿಸುತ್ತದೆ. ಮಸಾಲೆಗಳಲ್ಲಿ ದಾಲ್ಚಿನ್ನಿಗೆ ಯೀಸ್ಟನ್ನು ಹತ್ತಿಕ್ಕುವ ಗುಣವಿದೆ, ಹೆಚ್ಚು ಹಾಕಬಾರದು. ಏಲಕ್ಕಿ, ಜಾಯಿಕಾಯಿಗಳಿಂದ ಅಂಥ ತೊಂದರೆಯಿಲ್ಲ.

ಇವಕ್ಕೆಲ್ಲ ಜರ್ಮನಿಯ ಬೇಕರಿಯವರು ಕಂಡುಕೊಂಡ ದಾರಿ, ಹಿಟ್ಟನ್ನು ಎರಡು ಹಂತದಲ್ಲಿ ಕಲಸುವುದು. ಮೊದಲು ಸ್ವಲ್ಪ ಹಿಟ್ಟು, ಹಾಲು, ಯೀಸ್ಟ್ ಮಾತ್ರ ಸೇರಿಸಿ ಮುಂಗಲಸು ಮಾಡಿಡುತ್ತಾರೆ. ಬೆಣ್ಣೆ, ಉಪ್ಪು, ರಾಶಿ ಸಕ್ಕರೆ ಯಾವುದರ ಕಾಟವೂ ಇಲ್ಲದೆ ಯೀಸ್ಟ್ ಅಲ್ಲಿ ಚೇತರಿಸಿಕೊಂಡು ಕೆಲಸಕ್ಕೆ ಬೀಳುತ್ತದೆ. ಉಳಿದ ಹೊರೆ ಹೇರುವುದು ಆಮೇಲೆ. ಮೊದಲ ಸಲ ಮಾಡುವವರು ತಪ್ಪುವುದು ಬಹುಮಟ್ಟಿಗೆ ಈ ಹಂತದ ಅವಸರದಲ್ಲಿ.

ಮನೆಯಲ್ಲಿ ಎರಡು ಷ್ಟೋಲನ್ನಿಗೆ ಬೇಕಾಗುವ ಸಾಮಾನು ಹೀಗೆ: ಮೈದಾ 500 ಗ್ರಾಂ, ಬೆಣ್ಣೆ 250 ಗ್ರಾಂ, ಒಣದ್ರಾಕ್ಷಿ 325 ಗ್ರಾಂ, ಸಕ್ಕರೆ ಪಾಕದ ಸಿಪ್ಪೆ 100 ಗ್ರಾಂ, ಬಾದಾಮಿ 75 ಗ್ರಾಂ. ಇದು ಡ್ರೆಸ್ಡೆನ್ನಿನ ಕಟ್ಟುಪಾಡಿನ ಅಳತೆಯೇ. ಇದರ ಜೊತೆಗೆ ಸಕ್ಕರೆ 75 ಗ್ರಾಂ, ಹಾಲು 150 ಮಿಲಿಲೀಟರ್, ಉಪ್ಪು ಒಂದು ಟೀ ಚಮಚ, ಒಂದು ನಿಂಬೆಹಣ್ಣಿನ ತುರಿದ ಸಿಪ್ಪೆ, ನಾಲ್ಕೈದು ಏಲಕ್ಕಿಯ ಪುಡಿ, ಚಿಟಿಕೆ ಜಾಯಿಕಾಯಿ. ಯೀಸ್ಟ್ ಹಸಿಯದಾದರೆ 40 ಗ್ರಾಂ, ಪೊಟ್ಟಣದ ಒಣ ಯೀಸ್ಟಾದರೆ ಅದರ ಮೂರನೆಯ ಒಂದು ಭಾಗ, ಎಂದರೆ 13 ಗ್ರಾಂ. ಮಾಮೂಲಿ ಬ್ರೆಡ್ಡಿಗಿಂತ ಇದು ಹೆಚ್ಚೆನಿಸಬಹುದು. ಬೆಣ್ಣೆಯ ಭಾರಕ್ಕೆ ಇಷ್ಟು ಬೇಕು. ಮೇಲೆ ಸವರುವುದಕ್ಕೆ ಇನ್ನೂ 100 ಗ್ರಾಂ ಬೆಣ್ಣೆ, ಉದುರಿಸುವುದಕ್ಕೆ ಅಷ್ಟೇ ಸಕ್ಕರೆ ಪುಡಿ ತೆಗೆದಿಡಬೇಕು. ಮೊಟ್ಟೆ ಇದಕ್ಕೆ ಬೇಕಿಲ್ಲ. ಅದರಿಂದ ಬ್ರೆಡ್ ಬೇಗ ಒಣಗುತ್ತದೆಂದು ಅನೇಕರು ಹಾಕುವುದೂ ಇಲ್ಲ.

ಈ ಸಾಮಾನಿನ ಬಹುಪಾಲು ಕರ್ನಾಟಕದಲ್ಲೇ ಸಿಗುತ್ತದೆ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕಿತ್ತಳೆ ಸಿಪ್ಪೆಯನ್ನು ಮನೆಯಲ್ಲೇ ಪಾಕಕ್ಕೆ ಹಾಕುವುದು ಒಳ್ಳೆಯದು, ಅಂಗಡಿಯ ಟೂಟಿ ಫ್ರೂಟಿಯಲ್ಲಿ ಬಣ್ಣವಿದೆಯೇ ಹೊರತು ಕಿತ್ತಳೆಯ ಘಮವಿಲ್ಲ. ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ, ಕಹಿ ಬಿಟ್ಟ ನೀರನ್ನು ಚೆಲ್ಲಬೇಕು. ಹೀಗೆ ಮೂರು ಸಲ ಮಾಡಿ, ಸಿಪ್ಪೆಯಷ್ಟೇ ತೂಕದ ಸಕ್ಕರೆಗೆ ಸ್ವಲ್ಪ ನೀರು ಹಾಕಿ ಪಾಕವಿಟ್ಟು, ಸಿಪ್ಪೆ ಗಾಜಿನಂತೆ ಮಿನುಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ, ತಟ್ಟೆಯಲ್ಲಿ ಹರಡಿ ಆರಿಸಿದರಾಯಿತು. ಕೊಡಗಿನ ಕಿತ್ತಳೆಯ ಸಿಪ್ಪೆ ತೆಳ್ಳಗಿರುವುದರಿಂದ ಬೇಗ ಬೇಯುತ್ತದೆ. ದಪ್ಪ ಬಿಳಿ ತಿರುಳಿನ ಮಾದಳ ಸಿಕ್ಕವರು ಅದನ್ನು ಬಿಡಬಾರದು, ಯೂರೋಪಿನವರು ಬಳಸುವುದೂ ಆ ಹಣ್ಣನ್ನೇ. ಹಳೆಯ ಪಾಕವಿಧಾನಗಳಲ್ಲಿ ಕಹಿ ಬಾದಾಮಿಯ ಹೆಸರೂ ಬರುತ್ತದೆ. ಅದರಲ್ಲಿ ಸೈನೈಡ್ ವಿಷ ಹುಟ್ಟಿಸುವ ಅಂಶವಿದೆ. ಕಾಣದ ಕಡೆಯಿಂದ ತರಿಸಿ ಬಳಸುವ ಸಾಹಸ ಬೇಡ.

ಬೆಣ್ಣೆಯ ವಿಷಯದಲ್ಲಿ ಎರಡು ಎಚ್ಚರಿಕೆ ಬೇಕು. ಅಂಗಡಿಯ ಪ್ಯಾಕೆಟ್ ಬೆಣ್ಣೆಯಲ್ಲಿ ಉಪ್ಪಿದ್ದರೆ ಹಿಟ್ಟಿಗೆ ಬೇರೆ ಉಪ್ಪು ಹಾಕಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಅಂಶ ಉಳಿಯದಂತೆ ನೀರಿನಲ್ಲಿ ಚೆನ್ನಾಗಿ ತೊಳೆದು ಹಿಂಡಬೇಕು. ತುಪ್ಪವೇ ಇರುವ ಮನೆಯಲ್ಲಿ 250 ಗ್ರಾಂ ಬೆಣ್ಣೆಗೆ ಬದಲಾಗಿ ಸುಮಾರು 200 ಗ್ರಾಂ ತುಪ್ಪ ಸಾಕು. ಬೆಣ್ಣೆಯಲ್ಲಿ ಇರುತ್ತಿದ್ದ ನೀರಿನ ಬಾಬ್ತು 40 ಮಿಲಿಲೀಟರ್ ಹಾಲನ್ನು ಹೆಚ್ಚಿಗೆ ಸೇರಿಸಬೇಕು. ಹಾಲನ್ನು ಕಾಯಿಸಿ ಆರಿಸಿಯೇ ಬಳಸಬೇಕೆಂದು ಯೂರೋಪಿನ ಹಳೆಯ ಪುಸ್ತಕಗಳು ಒತ್ತಿ ಹೇಳುತ್ತವೆ. ಹಸಿ ಹಾಲಿನ ಕೆಲವು ಅಂಶಗಳು ಗ್ಲುಟೆನ್ ಬಲೆಯನ್ನು ಸಡಿಲಗೊಳಿಸುತ್ತವೆ. ಕಾಯಿಸದ ಹಾಲು ಬಳಸುವ ರೂಢಿಯೇ ಇಲ್ಲದ ನಮ್ಮ ಮನೆಗಳಿಗೆ ಈ ಬುದ್ಧಿವಾದ ಬೇಕಾಗದು.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ದ್ರಾಕ್ಷಿಯನ್ನು ತೊಳೆದು ಒರೆಸಿ 50 ಮಿಲಿಲೀಟರ್ ರಮ್ಮಿನಲ್ಲಿ ನೆನೆಯಿಡುವುದು ಜರ್ಮನಿಯ ರೂಢಿ. ಮದ್ಯ ಬೇಡದವರು ಬೆಚ್ಚಗಿನ ಕಿತ್ತಳೆ ರಸದಲ್ಲಿ ನೆನೆಸಬಹುದು. ಬ್ರೆಡ್ ಸ್ವಲ್ಪ ಬೇಗ ಕೆಡುತ್ತದೆ, ಅಷ್ಟೆ. ಬೆಳಿಗ್ಗೆ ರಸ ಉಳಿದಿದ್ದರೆ ಬಸಿಯಬೇಕು. ಬಾದಾಮಿಯನ್ನು ಬಿಸಿನೀರಿನಲ್ಲಿ ಹಾಕಿ, ಸಿಪ್ಪೆ ಸುಲಿದು, ಉದ್ದುದ್ದ ಹೆಚ್ಚಿಕೊಳ್ಳಬೇಕು.

ಮುಂಗಲಸಿಗೆ 150 ಗ್ರಾಂ ಹಿಟ್ಟು, ಬಹುಪಾಲು ಹಾಲು, ಯೀಸ್ಟ್, ಒಂದು ಚಮಚ ಸಕ್ಕರೆ ಸಾಕು. ಹಾಲು ಉಗುರು ಬೆಚ್ಚಗಿರಬೇಕು. 55 ಡಿಗ್ರಿಯನ್ನು ದಾಟಿದರೆ ಯೀಸ್ಟ್ ಸಾಯಲು ಶುರುವಾಗುತ್ತದೆ, ಬೆರಳಿಗೆ ಸುಡುವಷ್ಟು ಬಿಸಿಯಿದ್ದರೆ ಅದು ಹೆಚ್ಚಾಯಿತೆಂದೇ ಅರ್ಥ. ಮುಚ್ಚಿಟ್ಟ ಮುಂಗಲಸು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ಎರಡರಷ್ಟಾಗಿ, ಮೇಲೆ ಗುಳ್ಳೆಗಳು ಎದ್ದು, ನಡುವೆ ಕುಸಿಯುವಂತಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿನ ಚಳಿಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಗಡಿಯಾರವನ್ನು ನಂಬುವುದಕ್ಕಿಂತ ಗುಳ್ಳೆಗಳನ್ನು ನಂಬುವುದು ಲೇಸು. ಒಂದು ಗಂಟೆ ಕಾದರೂ ಗುಳ್ಳೆಯೇಳದಿದ್ದರೆ ಯೀಸ್ಟ್ ಸತ್ತಿದೆ. ಬೆಣ್ಣೆ, ಬಾದಾಮಿ ಹಾಳು ಮಾಡಿಕೊಳ್ಳದೆ ಹೊಸ ಪೊಟ್ಟಣ ತರಬೇಕು.

ಮುಂಗಲಸಿಗೆ ಉಳಿದ ಹಿಟ್ಟು, ಸಕ್ಕರೆ, ಉಪ್ಪು, ಮಿಕ್ಕ ಹಾಲು, ನಿಂಬೆ ಸಿಪ್ಪೆ, ಮಸಾಲೆ ಸೇರಿಸಿ ಹತ್ತು ನಿಮಿಷ ನಾದಬೇಕು. ಈ ಹಂತದಲ್ಲಿ ಹಿಟ್ಟು ಗಟ್ಟಿಯಾಗಿಯೇ ಇರುತ್ತದೆ. ಹಾಲು ಸಾಲದೆಂದು ಮತ್ತೆ ಸುರಿಯಲು ಕೈ ಹೋಗುವುದು ಸಹಜ, ಹೋಗಬಾರದು. ಬೆಣ್ಣೆ ಬಿದ್ದ ಮೇಲೆ ಅದು ಮೆತ್ತಗಾಗಿಯೇ ಆಗುತ್ತದೆ. ಬೆಣ್ಣೆ ಕರಗಿರಬಾರದು, ಒತ್ತಿದರೆ ಬೆರಳು ಇಳಿಯುವಷ್ಟು ಮೃದುವಾಗಿರಬೇಕು. ಅದನ್ನು ಮೂರು ನಾಲ್ಕು ಸಲಕ್ಕೆ ಹಂಚಿ, ಹಾಕಿದ್ದು ಪೂರ್ತಿ ಒಳಗಿಳಿದ ಮೇಲೆಯೇ ಮುಂದಿನದನ್ನು ಹಾಕಬೇಕು. ನಡುವೆ ಹಿಟ್ಟು ಹರಿದು ಚಿಂದಿಯಾದಂತೆ, ಕೆಟ್ಟೇಹೋದಂತೆ ಕಾಣುವ ಒಂದು ಗಳಿಗೆಯಿದೆ. ಬಹಳ ಜನ ಆಗ ಹೆದರಿ ಹಿಟ್ಟು ಉದುರಿಸಿಬಿಡುತ್ತಾರೆ. ಬಿಡದೆ ನಾದಿದರೆ ಅದು ತಾನಾಗಿ ಕೂಡಿಕೊಂಡು ನುಣುಪಾಗಿ, ಹೋಳಿಗೆಯ ಕಣಕದಂತೆ ಕೈಗೆ ಬಗ್ಗುತ್ತದೆ. ಇದನ್ನು ಮುಚ್ಚಿ ಒಂದು ಗಂಟೆ ಬಿಡಬೇಕು. ಮಾಮೂಲಿ ಬ್ರೆಡ್ಡಿನಂತೆ ಇದು ಎರಡರಷ್ಟಾಗುವುದಿಲ್ಲ, ಒಂದೂವರೆಯಷ್ಟಾದರೆ ಸಾಕು.

ದ್ರಾಕ್ಷಿ, ಸಿಪ್ಪೆ, ಬಾದಾಮಿಗಳ ಸರದಿ ಬರುವುದು ಈಗ. ಹಿಟ್ಟನ್ನು ಅಗಲಕ್ಕೆ ತಟ್ಟಿ, ಮೇಲೆ ಹರಡಿ, ಮಡಚಿ ಮಡಚಿ ಒತ್ತುತ್ತ ಸೇರಿಸಬೇಕು. ಇಲ್ಲಿ ಜೋರಾಗಿ ನಾದಿದರೆ ದ್ರಾಕ್ಷಿ ಒಡೆದು ಹಿಟ್ಟೆಲ್ಲ ಬೂದುಬಣ್ಣಕ್ಕೆ ತಿರುಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಎರಡು ಭಾಗ ಮಾಡಿ, ಒಂದೊಂದನ್ನೂ ಒಂದು ಗೇಣಿಗಿಂತ ಸ್ವಲ್ಪ ಉದ್ದಕ್ಕೆ, ಅರ್ಧ ಗೇಣು ಅಗಲಕ್ಕೆ ತಟ್ಟಿಕೊಳ್ಳಬೇಕು. ನಡುವೆ ಉದ್ದಕ್ಕೂ ಲಟ್ಟಣಿಗೆಯಿಂದ ಒತ್ತಿ ಹಳ್ಳ ಮಾಡಿ, ಒಂದು ಅಂಚನ್ನು ಇನ್ನೊಂದರ ಮೇಲೆ ಮುಕ್ಕಾಲು ಭಾಗ ಬರುವಂತೆ ಮಡಚಿದರೆ ಷ್ಟೋಲನ್ನಿನ ಆಕಾರ ಬಂತು. ಹೊರಗೆ ಇಣುಕುವ ದ್ರಾಕ್ಷಿಗಳನ್ನು ಕಿತ್ತು ಮಡಿಕೆಯೊಳಗೆ ತುರುಕಬೇಕು. ಒಲೆಯಲ್ಲಿ ಅವು ಸೀದು ಕಹಿಯಾಗುತ್ತವೆ. ತಟ್ಟೆಯ ಮೇಲಿಟ್ಟು ಅರ್ಧ ಗಂಟೆ ಬಿಟ್ಟರೆ ಸಾಕು. ಇದಕ್ಕಿಂತ ಹೆಚ್ಚು ಬಿಟ್ಟರೆ ಬೆಣ್ಣೆಯ ಭಾರಕ್ಕೆ ಅಡ್ಡಡ್ಡ ಹರಡಿ ಚಪ್ಪಟೆಯಾಗುತ್ತದೆ.

ಮೊದಲೇ ಕಾಯಿಸಿದ ಒಲೆಯಲ್ಲಿ 175 ಡಿಗ್ರಿಯಲ್ಲಿ ನಲವತ್ತೈದರಿಂದ ಐವತ್ತು ನಿಮಿಷ ಬೇಯಿಸಬೇಕು. ಅರ್ಧ ಬೆಂದ ಮೇಲೆ ಬಣ್ಣ ಜಾಸ್ತಿಯಾಗುತ್ತಿದ್ದರೆ ಮೇಲೊಂದು ಕಾಗದ ಮುಚ್ಚಬೇಕು. ಅಡುಗೆಯ ಥರ್ಮಾಮೀಟರ್ ಇರುವವರು ನಡುವಿನ ಬಿಸಿ 93 ಡಿಗ್ರಿ ಮುಟ್ಟಿತೇ ಎಂದು ನೋಡಿಕೊಳ್ಳಬಹುದು. ಇಲ್ಲದವರು ಕಡ್ಡಿ ಚುಚ್ಚಿ ನೋಡಿದರಾಯಿತು, ಹಸಿ ಹಿಟ್ಟು ಅಂಟಬಾರದು. ಚಿಕ್ಕ ಓವನ್ನುಗಳಲ್ಲಿ ಮೇಲಿನ ಬಿಸಿ ಸುರುಳಿ ತೀರ ಹತ್ತಿರವಿರುತ್ತದೆ. ಅಂಥದರಲ್ಲಿ ಹತ್ತು ಡಿಗ್ರಿ ಇಳಿಸಿ, ಒಂದೊಂದನ್ನೇ ಬೇಯಿಸುವುದು ಕ್ಷೇಮ.

ಹೊರತೆಗೆದ ಹತ್ತು ನಿಮಿಷಕ್ಕೆ ಕರಗಿಸಿದ ಬೆಣ್ಣೆಯನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಧಾರಾಳವಾಗಿ ಸವರಬೇಕು. ಬ್ರೆಡ್ ಹೀರಿಕೊಂಡಂತೆ ಮತ್ತೆ ಸವರಬೇಕು. ಈ ಕೆಲಸಕ್ಕೆ ತುಪ್ಪ ಬೆಣ್ಣೆಗಿಂತ ಮೇಲು. ನೀರಿನ ಅಂಶವಿಲ್ಲದ್ದರಿಂದ ಬೂಷ್ಟಿಗೆ ಅವಕಾಶ ಕಡಿಮೆ. ಕೂಡಲೇ ಹರಳು ಸಕ್ಕರೆಯನ್ನು ತೆಳುವಾಗಿ ಉದುರಿಸಿ, ಪೂರ್ತಿ ಆರಿದ ಮೇಲೆ, ಸಾಧ್ಯವಾದರೆ ಮಾರನೆಯ ದಿನ, ಸಕ್ಕರೆ ಪುಡಿಯನ್ನು ಜರಡಿಯಿಂದ ದಪ್ಪಗೆ ಹರಡಬೇಕು. ಬೆಣ್ಣೆ ಸಕ್ಕರೆಗಳ ಈ ಪದರ ಅಲಂಕಾರಕ್ಕೆಂದು ಮಾತ್ರ ಇರುವುದಲ್ಲ. ಒಳಗಿನ ತೇವ ಹೊರಹೋಗದಂತೆ, ಹೊರಗಿನ ಗಾಳಿ ಒಳಬರದಂತೆ ಅದು ಬ್ರೆಡ್ಡನ್ನು ಮುಚ್ಚುತ್ತದೆ. ಇಲ್ಲಿ ಕೈ ಬಿಗಿಹಿಡಿದವರ ಷ್ಟೋಲನ್ ವಾರದಲ್ಲೇ ಒಣಗುತ್ತದೆ.

ಬೇಯಿಸಿದ ದಿನವೇ ಷ್ಟೋಲನ್ ತಿನ್ನುವುದು ಜಾಣತನವಲ್ಲ. ಅಂದು ದ್ರಾಕ್ಷಿಯ ರುಚಿ ಬೇರೆ, ಹಿಟ್ಟಿನ ರುಚಿ ಬೇರೆಯಾಗಿರುತ್ತದೆ. ಕಾಗದದಲ್ಲಿ ಸುತ್ತಿ, ಮೇಲೆ ಬಟ್ಟೆ ಸುತ್ತಿ, ಡಬ್ಬಿಯಲ್ಲಿಟ್ಟು ಎರಡು ವಾರ ಬಿಟ್ಟರೆ ಹಣ್ಣಿನ ತೇವ ನಿಧಾನವಾಗಿ ಬ್ರೆಡ್ಡಿಗಿಳಿದು, ಏಲಕ್ಕಿ ಕಿತ್ತಳೆಗಳ ಪರಿಮಳ ಎಲ್ಲ ಕಡೆ ಸಮನಾಗಿ ಹಬ್ಬುತ್ತದೆ. ಹಬ್ಬಕ್ಕೆ ಬೇಕೆಂದರೆ ಡಿಸೆಂಬರ್ ಮೊದಲ ವಾರವೇ ಬೇಯಿಸಬೇಕು. ಬೆಣ್ಣೆ, ಸಕ್ಕರೆ, ಒಣಹಣ್ಣು ಹೆಚ್ಚಿರುವುದರಿಂದ ಬೂಷ್ಟಿಗೆ ಬೇಕಾದ ನೀರು ಅದರಲ್ಲಿ ಸುಲಭವಾಗಿ ಸಿಗುವುದಿಲ್ಲ. ಬೆಣ್ಣೆ ಇರುವುದರಿಂದ ಹಿಟ್ಟು ಬಿರುಸಾಗುವುದೂ ತಡವಾಗುತ್ತದೆ. ಸ್ಯಾಕ್ಸನಿಯ ಮನೆಗಳಲ್ಲಿ ಇದನ್ನು ತಣ್ಣನೆಯ ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಬೆಂಗಳೂರು, ಮೈಸೂರು, ಮಡಿಕೇರಿಗಳ ಚಳಿಗಾಲದಲ್ಲಿ ಮನೆಯ ತಂಪಾದ ಮೂಲೆಯಲ್ಲಿ ಎರಡು ವಾರ ಇಡುವುದಕ್ಕೆ ಅಡ್ಡಿಯಿಲ್ಲ. ಕಿತ್ತಳೆ ರಸದಲ್ಲಿ ನೆನೆಸಿ ಮಾಡಿದ್ದನ್ನು ಮಾತ್ರ ಎಲ್ಲಿಯಾದರೂ ಫ್ರಿಜ್ಜಿನಲ್ಲೇ ಇಡಬೇಕು. ಮಂಗಳೂರು, ಕಾರವಾರದ ಸೆಕೆಗೆ ಯಾವುದೇ ಷ್ಟೋಲನ್ ಹೊರಗೆ ನಿಲ್ಲದು. ಅಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಟ್ಟು, ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆಯಬೇಕು.

ಕತ್ತರಿಸುವುದಕ್ಕೂ ಒಂದು ರೀತಿಯಿದೆ. ಡ್ರೆಸ್ಡೆನ್ನಿನವರು ತುದಿಯಿಂದ ಶುರುಮಾಡುವುದಿಲ್ಲ. ನಡುವೆ ಕತ್ತರಿಸಿ, ಬೇಕಾದಷ್ಟು ಹೋಳು ತೆಗೆದುಕೊಂಡು, ಉಳಿದ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿ ಮತ್ತೆ ಸುತ್ತಿಡುತ್ತಾರೆ. ಕತ್ತರಿಸಿದ ಮೈ ಗಾಳಿಗೆ ಬೀಳದ ಕಾರಣ ಬ್ರೆಡ್ ಒಣಗುವುದಿಲ್ಲ. ಹೋಳು ಒಂದು ಬೆರಳಿಗಿಂತ ದಪ್ಪ ಬೇಡ. ಜರ್ಮನಿಯಲ್ಲಿ ಕಾಫಿಯ ಜೊತೆಗೆ ತಿನ್ನುವ ವಾಡಿಕೆ, ಚಿಕ್ಕಮಗಳೂರಿನ ಕಾಫಿಗೂ ಇದು ಚೆನ್ನಾಗಿ ಹೊಂದುತ್ತದೆ. ಹೀಗೆ ನಡುವಿನಿಂದ ಕತ್ತರಿಸುತ್ತ ಹೋದರೆ ಕ್ರಿಸ್ಮಸ್ಸಿಗೆ ತೆರೆದ ಷ್ಟೋಲನ್ ಹೊಸ ವರ್ಷದ ಮೊದಲ ವಾರದವರೆಗೂ ಮೆತ್ತಗೇ ಇರುತ್ತದೆ. ಅಷ್ಟರಲ್ಲಿ ತಿಂದು ಮುಗಿಸಬೇಕು.